ನಡುವೆ ಕೂರಿಸಿದ ಹೆಸರು

ಡೇಟಾಬೇಸ್ ನೋಡಿಕೊಳ್ಳುವ ಕೆಲಸಕ್ಕೆ ಹೊಸದಾಗಿ ಸೇರಿದ ನಮ್ಮ ಕಡೆಯ ಮಕ್ಕಳು ಈಗಲೂ ಆಗಾಗ ಮನೆಗೆ ಬಂದು, ನೀವು ಅಷ್ಟು ವರ್ಷ ಅಲ್ಲಿ ಏನು ಮಾಡುತ್ತಿದ್ದಿರಿ ಅತ್ತೆ ಎಂದು ಕೇಳುತ್ತಾರೆ. ಪಾಠದ ಪುಸ್ತಕದಲ್ಲಿ ಇರುವುದನ್ನು ಅವರು ನನಗಿಂತ ಚೆನ್ನಾಗಿ ಬಲ್ಲರು. ಅದರಲ್ಲಿ ಇಲ್ಲದ್ದನ್ನು ಇಲ್ಲಿ ಬರೆದಿಡುತ್ತೇನೆ. ನನಗೆ ಯಾವಾಗ ಯಾವ ಹುದ್ದೆ ಸಿಕ್ಕಿತು ಎಂಬುದರಿಂದ ಯಾರಿಗೂ ಪ್ರಯೋಜನವಿಲ್ಲ, ಅದನ್ನು ಬಿಟ್ಟಿದ್ದೇನೆ.

ನಾನು ಹುಟ್ಟಿದ್ದು ತಮಿಳುನಾಡಿನ ಕಂಬಂನಲ್ಲಿ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಓದಿದ್ದು ದಿಂಡಿಗಲ್ಲಿನ ಹುಡುಗಿಯರ ಹಾಸ್ಟೆಲಿನಲ್ಲಿ. ಅಲ್ಲಿ ಏಳುವುದಕ್ಕೆ ಗಂಟೆ, ಉಣ್ಣುವುದಕ್ಕೆ ಗಂಟೆ, ಬಟ್ಟೆ ಮಡಿಸುವುದಕ್ಕೂ ಗಂಟೆ. ಬೇರೆ ಹುಡುಗಿಯರು ಆ ಗಂಟೆಯನ್ನು ಶಪಿಸುತ್ತಿದ್ದರು. ನನಗೆ ಅದು ಹಿತವಾಗಿತ್ತು. ಮುಂದೆ ನಾನು ಹಿಡಿದ ಕೆಲಸವೂ ಅಂಥದ್ದೇ: ದಿನವೂ ಅದೇ ಹೊತ್ತಿಗೆ ಅದೇ ತಪಾಸಣೆ, ಅದೇ ಕ್ರಮ. ಬೇಸರವಾಗುವುದಿಲ್ಲವೇ ಎಂದು ಕೇಳುವವರು ಈ ಕೆಲಸಕ್ಕೆ ಬರದಿರುವುದು ಒಳ್ಳೆಯದು.

ನಮ್ಮ ಕಚೇರಿ ದಿಂಡಿಗಲ್ಲಿನಲ್ಲಿ, ಒಂದು ಬೀಗದ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಒಡ್ಡನ್‌ಛತ್ರಂನ ತರಕಾರಿ ಮಂಡಿಯವರು, ಬತ್ತಲಗುಂಡಿನ ಹೂವಿನ ವ್ಯಾಪಾರಿಗಳು, ಕಂಬಂ ಕಣಿವೆಯ ರೈತರ ಗುಂಪುಗಳು, ಹೀಗೆ ತಾವೇ ಕಂಪ್ಯೂಟರ್ ಇಟ್ಟು ನಡೆಸಲಾರದವರ ಡೇಟಾಬೇಸುಗಳನ್ನು ನಾವು ನಮ್ಮ ಯಂತ್ರಗಳಲ್ಲಿ ಇಟ್ಟು ಕಾಯುತ್ತಿದ್ದೆವು. ಯಂತ್ರದಲ್ಲಿ ಜಾಗ ಕಡಿಮೆ, ಇಡುವವರು ಹೆಚ್ಚು. ಆದ್ದರಿಂದ ಯಾರ ಡೇಟಾಬೇಸ್ ಎಷ್ಟು ಬಳಕೆಯಾಗುತ್ತಿದೆ ಎಂದು ವಾರಕ್ಕೊಮ್ಮೆ ವರದಿ ಬರೆಯಬೇಕಿತ್ತು. ಬಳಸದೆ ಬಿದ್ದಿರುವುದನ್ನು ಯಂತ್ರದಿಂದ ತೆಗೆದು ಜಾಗ ಮಾಡಬೇಕಿತ್ತು.

ಮೊದಮೊದಲು ಈ ವರದಿಯನ್ನು ಒಬ್ಬೊಬ್ಬರು ತಮಗೆ ತೋಚಿದ ಮಾತಿನಲ್ಲಿ ಬರೆಯುತ್ತಿದ್ದರು. ಒಬ್ಬರು ‘ಚೆನ್ನಾಗಿದೆ’ ಎನ್ನುತ್ತಿದ್ದರು, ಇನ್ನೊಬ್ಬರು ‘ಪರವಾಯಿಲ್ಲೆ’ ಎನ್ನುತ್ತಿದ್ದರು. ಒಬ್ಬ ಪುಣ್ಯಾತ್ಮರು ಎಲ್ಲ ಸಾಲಿನಲ್ಲೂ ‘ಕೊಂಚ ಕೊಂಚ’ ಎಂದೇ ಬರೆದಿದ್ದರು. ಆಗಿನ ನಮ್ಮ ಮೇಲಧಿಕಾರಿ ಅದನ್ನು ನನ್ನ ಮೇಜಿನ ಮೇಲಿಟ್ಟು, ಇದರಲ್ಲಿ ಯಾವುದನ್ನು ತೆಗೆಯಬೇಕು, ಯಾವುದನ್ನು ಇಡಬೇಕು ಎಂದು ಕೇಳಿದರು. ನನಗೂ ಗೊತ್ತಾಗಲಿಲ್ಲ. ‘ಕೊಂಚ’ ಎಂದು ಬರೆದವರ ಮನಸ್ಸಿನಲ್ಲಿ ಅದು ಹೊಗಳಿಕೆಯೋ ದೂರೋ ಎಂದು ಅವರನ್ನೇ ಕರೆದು ಕೇಳಬೇಕಿತ್ತು. ಕೇಳಿದರೆ ಅವರಿಗೂ ನೆನಪಿರಲಿಲ್ಲ.

ಅದಾದ ಮೇಲೆ ನಮ್ಮ ಲೈಬ್ರರಿಯಲ್ಲಿ ಒಂದು ಈನಮ್ ಮಾಡಿದೆವು. ಲೈಬ್ರರಿ ಎಂದರೆ ಇಲ್ಲಿ ಪುಸ್ತಕದ ಮನೆಯಲ್ಲ, ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಸಿದ್ಧ ಕೋಡಿನ ಕಟ್ಟು. ಈನಮ್ ಎಂದರೆ ಅದರೊಳಗೆ ಬರೆದಿಟ್ಟ, ಬಾಗಿಲು ಹಾಕಿದ ಹೆಸರಿನ ಸಾಲು. ಆ ಸಾಲಿನಲ್ಲಿರುವ ಹೆಸರನ್ನು ಮಾತ್ರ ಬಳಸಬಹುದು. ಬೇರೆ ಮಾತು ಬರೆದರೆ ಪ್ರೋಗ್ರಾಂ ಒಪ್ಪುವುದಿಲ್ಲ. ನಮ್ಮ ಸಾಲಿನಲ್ಲಿ ನಾಲ್ಕು ಹೆಸರಿದ್ದವು. ದಿನವೂ ಬಳಕೆಯಲ್ಲಿದ್ದರೆ ‘ಆಕ್ಟಿವ್’. ಅಪರೂಪಕ್ಕೆ ಬಳಸಿದರೆ ‘ಲೈಟ್’. ಸುಮ್ಮನೆ ಬಿದ್ದಿದ್ದರೆ ‘ಐಡಲ್’. ಇಟ್ಟವರೇ ನಮಗೆ ಇನ್ನು ಬೇಡ ಎಂದು ಹೇಳಿದ್ದರೆ ‘ಕ್ಲೋಸ್’. ‘ಕೊಂಚ ಕೊಂಚ’ ಬರೆಯುತ್ತಿದ್ದವರು ಕೆಲವು ದಿನ ಕೈ ಕಟ್ಟಿಹಾಕಿದಂತೆ ಚಡಪಡಿಸಿದರು. ಆಮೇಲೆ ಒಗ್ಗಿಕೊಂಡರು.

ಆದರೆ ನಾಲ್ಕು ಹೆಸರಿನಲ್ಲಿ ಊರನ್ನೆಲ್ಲ ಅಳೆಯಲು ಹೊರಟರೆ ಕೆಲವರು ಅಳತೆಗೆ ಸಿಗುವುದಿಲ್ಲ. ಬತ್ತಲಗುಂಡಿನ ಹೂವಿನ ವ್ಯಾಪಾರಿಯೊಬ್ಬರ ಡೇಟಾಬೇಸ್ ಸದಾ ‘ಲೈಟ್’ ಎಂದು ಬರುತ್ತಿತ್ತು. ವಿಚಾರಿಸಿದರೆ, ಅವರು ಬೆಳಿಗ್ಗೆ ಒಮ್ಮೆ ತೆರೆದು ಮಲ್ಲಿಗೆಯ ದರ ನೋಡಿ ಮುಚ್ಚುತ್ತಿದ್ದರು. ಅವರ ಇಡೀ ದಿನದ ವ್ಯಾಪಾರ ಆ ಒಂದು ನೋಟದ ಮೇಲೆ ನಿಂತಿತ್ತು. ಹೀಗಾಗಿ ನಾನು ಒಂದು ನಿಯಮ ಇಟ್ಟುಕೊಂಡಿದ್ದೆ. ‘ಐಡಲ್’ ಎಂದು ಬಂದದ್ದನ್ನು ತೆಗೆಯುವ ಮುನ್ನ ಅದನ್ನು ಇಟ್ಟವರಿಗೆ ಫೋನ್ ಮಾಡುವುದು. ಮಾತನಾಡದೆ ಯಾವುದನ್ನೂ ತೆಗೆಯುವುದಿಲ್ಲ.

ಕಂಬಂ ಪಕ್ಕದ ಗೂಡಲೂರಿನ ಬೊಮ್ಮಯ್ಯನವರ ಪರಿಚಯವಾದದ್ದು ಅಂಥ ಒಂದು ಫೋನಿನಿಂದಲೇ. ಅಲ್ಲಿನ ಭತ್ತದ ರೈತರು ಗುಂಪು ಕಟ್ಟಿಕೊಂಡು ಒಂದು ಕೊಯ್ಲಿನ ಯಂತ್ರ ಇಟ್ಟುಕೊಂಡಿದ್ದರು. ಯಾರ ಗದ್ದೆ ಯಾವಾಗ ನಾಟಿಯಾಯಿತು, ಯಂತ್ರ ಯಾರಲ್ಲಿಗೆ ಯಾವ ಸರದಿಯಲ್ಲಿ ಹೋಗಬೇಕು ಎಂಬುದು ಅವರ ಡೇಟಾಬೇಸಿನಲ್ಲಿತ್ತು. ಗುಂಪಿನ ಹಿರಿಯರು ಬೊಮ್ಮಯ್ಯ. ಫೋನಿನಲ್ಲಿ ಅದನ್ನು ತುಂಬಿಸುತ್ತಿದ್ದವರೂ ಅವರೇ. ವರದಿ ಅದನ್ನು ‘ಐಡಲ್’ ಎಂದಿತ್ತು. ನಾನು ತಮಿಳಿನಲ್ಲಿ ಶುರುಮಾಡಿದೆ. ಊರು, ಮನೆತನ ವಿಚಾರಿಸುತ್ತಿದ್ದಂತೆ ಇಬ್ಬರೂ ಕನ್ನಡಕ್ಕೆ ಬಂದೆವು. ಇಷ್ಟು ದಿನ ಯಾಕೆ ತೆರೆದಿಲ್ಲ ಎಂದು ಕೇಳಿದೆ.

‘ನೆಲ್ಲು ಬೆಳೀತಾ ಅದೆಯಲ್ಲವ್ವ,’ ಎಂದರು. ‘ಬೆಳೆಯೋವಾಗ ನಾವ್ಯಾಕೆ ಅದ ತೆಗೆದು ನೋಡಾದು? ಕೊಯ್ಲು ಬರ್ಲಿ, ನೋಡು, ನಿನ್ನ ಮಿಷಿನ್ ಬಿಸಿಯಾಗೋಗ್ತದೆ.’

ಹೌದಲ್ಲ ಎನಿಸಿತು. ಗದ್ದೆ ಬೆಳೆಯುವಾಗ ನಮ್ಮ ಲೆಕ್ಕಕ್ಕೆ ಅದು ಸೋಮಾರಿ.

ಕೆಲವು ಕಾಲದ ನಂತರ ಮೇಲಧಿಕಾರಿಯಾಗಿ ದುರೈರಾಜ್ ಸಾರ್ ಬಂದರು. ಅವಸರದ ಮನುಷ್ಯ, ಆದರೆ ಕೆಟ್ಟವರಲ್ಲ. ಒಬ್ಬೊಬ್ಬರಿಗೂ ಫೋನ್ ಮಾಡುತ್ತ ಕೂರುವುದು ಅವರಿಗೆ ಹಿಡಿಸಲಿಲ್ಲ. ವರದಿ ಬರೆಯುವುದು ಒಂದು ಪ್ರೋಗ್ರಾಂ. ಅದನ್ನು ಓದಿ ‘ಐಡಲ್’ ಆದವನ್ನು ತಾನೇ ತೆಗೆಯಲು ಇನ್ನೊಂದು ಪ್ರೋಗ್ರಾಂ ಇರಲಿ ಎಂದರು. ಹಾಗೆ ತೆಗೆದದ್ದನ್ನು ಯಾರಾದರೂ ಕೇಳಿಕೊಂಡು ಬಂದರೆ ಕಳೆದ ತಿಂಗಳ ಬ್ಯಾಕಪ್ ಇದ್ದೇ ಇರುತ್ತದೆ, ಸುಮ್ಮನೆ ಬಿದ್ದದ್ದರಲ್ಲಿ ಹೊಸದೇನು ಸೇರಿರುತ್ತದೆ ಎಂಬುದು ಅವರ ವಾದ. ನಾನು ಬೊಮ್ಮಯ್ಯನವರ ಮಾತು ಹೇಳಿದೆ. ಅವರು ಕೇಳಿಸಿಕೊಂಡು, ಹಾಗಾದರೆ ಇಂಥವರಿಗಾಗಿ ಸಾಲಿಗೆ ಹೊಸ ಹೆಸರು ಸೇರಿಸೋಣ ಎಂದು ಒಪ್ಪಿದರು. ‘ಸೀಸನಲ್’ ಎಂಬ ಹೆಸರು ಹಾಗೆ ಹುಟ್ಟಿತು. ತೆಗೆಯುವ ಪ್ರೋಗ್ರಾಂ ಆ ಹೆಸರಿದ್ದದ್ದನ್ನು ಮುಟ್ಟಬಾರದು.

ಸೇರಿಸುವ ಕೆಲಸ ಜಯಂತಿಯ ಪಾಲಿಗೆ ಬಂತು. ಅವಳು ಉತ್ತಮಪಾಳ್ಯದವಳು, ನಮ್ಮ ಕಡೆಯ ಮಾತಿನ ಮನೆ. ಮೂವತ್ತು ದಾಟಿದ್ದಳು. ಹೆರಿಗೆಯ ನಂತರ ಬಿಟ್ಟ ಕೆಲಸಕ್ಕೆ ತಿರುಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಕನ್ನಡದಲ್ಲಿ ಮಾತನಾಡಿಸಿದರೆ ಪೂರ್ತಿ ಅರ್ಥವಾಗುತ್ತಿತ್ತು. ಉತ್ತರ ಅರ್ಧ ತಮಿಳಾಗಿ ಬರುತ್ತಿತ್ತು. ಕೈ ಚುರುಕು, ಬರೆದದ್ದು ಅಚ್ಚುಕಟ್ಟು. ಆ ವಾರ ನಾನು ತಂಗಿಯ ಮಗಳ ಮದುವೆಗೆಂದು ರಜೆಯಲ್ಲಿದ್ದೆ. ಅವಳು ಬರೆದುದನ್ನು ದುರೈರಾಜ್ ಸಾರ್ ನೋಡಿ, ಸರಿಯಾಗಿದೆ ಎಂದು ಒಪ್ಪಿ ಬಿಟ್ಟಿದ್ದರು.

ರಜೆ ಮುಗಿಸಿ ಬಂದ ಬೆಳಿಗ್ಗೆ ನಾನು ಕುರ್ಚಿಯಲ್ಲಿ ಕೂರುವ ಮೊದಲೇ ಬೊಮ್ಮಯ್ಯನವರ ಫೋನ್ ಬಂತು. ಕೊಯ್ಲು ಶುರುವಾಗಬೇಕು, ಕುಮುಳಿಯ ಬೆಟ್ಟದ ಕಡೆ ಮೋಡ ಕೂತಿದೆ, ಯಂತ್ರ ಬಂದು ನಿಂತಿದೆ, ಫೋನಿನಲ್ಲಿ ಒಂದು ಹೆಸರೂ ಕಾಣಿಸುತ್ತಿಲ್ಲ. ಬೈಯಲಿಲ್ಲ ಅವರು, ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ನೋಡಿದರೆ ಅವರ ಡೇಟಾಬೇಸನ್ನು ಪ್ರೋಗ್ರಾಂ ತೆಗೆದುಹಾಕಿತ್ತು. ಯಾವುದನ್ನು ಉಳಿಸಲೆಂದು ಹೊಸ ಹೆಸರು ಮಾಡಿದೆವೋ ಅದೇ ಹೋಗಿತ್ತು.

ಕಾರಣ ಸಿಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹೊಸಬರು ಇದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ನಾವು ಬರೆಯುವುದು ಹೆಸರು; ಆದರೆ ಯಂತ್ರ ವರದಿಯಲ್ಲಿ ಇಡುವುದು ಸಾಲಿನಲ್ಲಿ ಆ ಹೆಸರು ಎಷ್ಟನೆಯದು ಎಂಬ ಅಂಕಿಯನ್ನು ಮಾತ್ರ. ಎಣಿಕೆ ಸೊನ್ನೆಯಿಂದ ಶುರು. ‘ಆಕ್ಟಿವ್’ ಸೊನ್ನೆ, ‘ಲೈಟ್’ ಒಂದು, ‘ಐಡಲ್’ ಎರಡು, ‘ಕ್ಲೋಸ್’ ಮೂರು. ಜಯಂತಿ ‘ಸೀಸನಲ್’ ಎಂಬುದನ್ನು ಸಾಲಿನ ಕೊನೆಗೆ ಹಾಕದೆ ‘ಲೈಟ್’ ಮತ್ತು ‘ಐಡಲ್’ ನಡುವೆ ಹಾಕಿದ್ದಳು. ಆಗ ಎರಡು ಎಂಬ ಅಂಕಿ ‘ಸೀಸನಲ್’ ಪಾಲಾಯಿತು. ಅದರ ನಂತರದವು ಒಂದೊಂದು ಸ್ಥಾನ ಸರಿದವು. ವರದಿ ಬರೆಯುವ ಪ್ರೋಗ್ರಾಂಗೆ ಹೊಸ ಸಾಲು ಕೊಟ್ಟಿದ್ದರು, ಅದು ಗೂಡಲೂರನ್ನು ‘ಸೀಸನಲ್’ ಎಂದು ಗುರುತಿಸಿ ಎರಡು ಹಾಕಿತು. ತೆಗೆಯುವ ಪ್ರೋಗ್ರಾಂ ಬೇರೆ ಯಂತ್ರದಲ್ಲಿತ್ತು. ಅದರ ಕೈಯಲ್ಲಿ ಇನ್ನೂ ಹಳೆಯ ಸಾಲೇ ಇತ್ತು. ಗೂಡಲೂರಿನ ಮುಂದೆ ‘ಎರಡು’ ಎಂದು ಕಂಡಾಗ ಅದು ‘ಐಡಲ್’ ಎಂದೇ ಓದಿತು, ತೆಗೆಯಿತು. ಊಟದ ಪಂಕ್ತಿಯಲ್ಲಿ ಮೂರನೆಯ ಎಲೆಗೆ ಉಪ್ಪಿಲ್ಲದ ಅಡುಗೆ ಎಂದು ಬಡಿಸುವವರಿಗೆ ಹೇಳಿಟ್ಟು, ಅಷ್ಟರಲ್ಲಿ ನಡುವೆ ಒಬ್ಬರನ್ನು ಕೂರಿಸಿದ ಹಾಗೆ.

ಜಯಂತಿಯನ್ನು ಕರೆದು, ಕೊನೆಗೆ ಹಾಕದೆ ನಡುವೆ ಏಕೆ ಹಾಕಿದೆ ಎಂದು ಕೇಳಿದೆ. ಅವಳಿಗೆ ಅಷ್ಟರಲ್ಲಿ ಎಲ್ಲ ತಿಳಿದಿತ್ತು.

‘ಕಡೇಲಿ ಕ್ಲೋಸ್ ಇತ್ತಲ್ಲಕ್ಕ,’ ಎಂದಳು. ‘ಅದು ಮುಗಿದೋದವರ ಜಾಗ. ಬೆಳೀತಾ ಇರೋ ವಯಲ, ಗದ್ದೇನ, ಅದರ ಪಕ್ಕ ಎಂಗೆ ಕೂರ್ಸಾದು? ಮನಸ್ಸು ಬರಲಿಲ್ಲ.’

ಬೇರೆ ಊರಿನ ಪ್ರೋಗ್ರಾಮರ್ ಆಗಿದ್ದರೆ ಈ ತಪ್ಪು ಮಾಡುತ್ತಿರಲಿಲ್ಲ. ಅವರಿಗೆ ಅದು ಬರೀ ಹೆಸರಿನ ಸಾಲು. ನಮ್ಮ ಮನೆಗಳಲ್ಲಿ ಯಾರನ್ನು ಯಾರ ಪಕ್ಕ ಕೂರಿಸಬೇಕು ಎಂಬುದರಲ್ಲಿ ಅರ್ಧ ಬದುಕು ಕಳೆಯುತ್ತದೆ. ಬಸುರಿಯನ್ನು ಸೂತಕದ ಮನೆಯವರ ಪಕ್ಕ ಕೂರಿಸುವುದಿಲ್ಲ, ಹೊಸದಾಗಿ ಬಂದ ನೆಂಟರನ್ನು ಸಾಲಿನ ತುದಿಗೆ ತಳ್ಳುವುದಿಲ್ಲ. ಅವಳು ಆ ಹೆಸರಿಗೆ ಮರ್ಯಾದೆ ಕೊಡಲು ಹೋಗಿದ್ದಳು. ನನಗೆ ಗದರಲು ಬಾಯಿ ಬರಲಿಲ್ಲ. ಹಾಗೆಂದು ತಪ್ಪು ಸಣ್ಣದಾಗಲಿಲ್ಲ.

ತಿಂಗಳ ಬ್ಯಾಕಪ್ಪಿನಿಂದ ಡೇಟಾಬೇಸನ್ನು ತಿರುಗಿ ನಿಲ್ಲಿಸಿದೆವು. ನಾಟಿಯ ದಿನಗಳೆಲ್ಲ ಸಿಕ್ಕವು. ಸಿಗದೇ ಹೋದದ್ದು ಸರದಿ. ಬ್ಯಾಕಪ್ ಆದ ಮೇಲೆ, ಹಿಂದಿನ ವಾರವಷ್ಟೇ ಗುಂಪಿನವರು ಸಭೆ ಸೇರಿ, ವಾದಮಾಡಿ, ಯಾರ ನಂತರ ಯಾರು ಎಂದು ತೀರ್ಮಾನಿಸಿದ್ದರು. ಅದನ್ನು ಬೊಮ್ಮಯ್ಯ ಒಂದೇ ಮಧ್ಯಾಹ್ನ ಕೂತು ತುಂಬಿಸಿದ್ದರು. ಒಂದು ಮಧ್ಯಾಹ್ನದ ಬಳಕೆ ನಮ್ಮ ಅಳತೆಗೆ ‘ಲೈಟ್’ ಕೂಡ ಆಗಿರಲಿಲ್ಲ. ಮಳೆ ಬಂದು ಬಲಿತ ತೆನೆ ನೆಲಕ್ಕೆ ಮಲಗಿದರೆ ಯಂತ್ರಕ್ಕೆ ಸಿಗುವುದಿಲ್ಲ.

ದುರೈರಾಜ್ ಸಾರ್ ನಮ್ಮಿಬ್ಬರನ್ನೂ ಕೋಣೆಗೆ ಕರೆದರು. ತಾನು ನೋಡಿ ಒಪ್ಪಿದ ಕೋಡು ಅದು ಎಂಬುದನ್ನು ಅವರು ಮುಚ್ಚಿಡಲಿಲ್ಲ. ಆದರೆ ಗೂಡಲೂರಿನವರು ನಮ್ಮನ್ನು ಬಿಟ್ಟುಹೋದರೆ ಮಧುರೈಯಲ್ಲಿರುವ ಯಜಮಾನರು ಯಾರು ಬರೆದದ್ದು ಎಂದೇ ಕೇಳುತ್ತಾರೆ, ಆಗ ಜಯಂತಿಯನ್ನು ಉಳಿಸಿಕೊಳ್ಳುವುದು ನನ್ನ ಕೈಯಲ್ಲಿಲ್ಲ ಎಂದರು. ಸಂಜೆಯವರೆಗೆ ಮೇಲಿನವರಿಗೆ ಬರೆಯುವುದಿಲ್ಲ, ಅಷ್ಟರೊಳಗೆ ಗೂಡಲೂರಿನವರ ಬಾಯಿಂದ ಒಂದು ಮಾತು ಬರಲಿ ಎಂದರು. ಜಯಂತಿ ತಲೆ ತಗ್ಗಿಸಿ ನಿಂತಿದ್ದಳು. ಹೊರಗೆ ಬಂದಮೇಲೆ, ತಾನೇ ರಾಜೀನಾಮೆ ಬರೆದುಕೊಟ್ಟರೆ ಎಲ್ಲರಿಗೂ ಸುಲಭವಲ್ಲವೇ ಎಂದಳು. ಮೊದಲು ಬಸ್ ಹತ್ತು, ಆಮೇಲೆ ಸುಲಭದ ಮಾತು ಎಂದೆ.

ಬತ್ತಲಗುಂಡು, ಥೇಣಿ ದಾಟಿ ಕಣಿವೆಗೆ ಇಳಿಯುವವರೆಗೆ ಅವಳು ಕಿಟಕಿಯಿಂದ ಮುಖ ತೆಗೆಯಲಿಲ್ಲ. ಚಿನ್ನಮನೂರು ಕಳೆದ ಮೇಲೆ ಎರಡೂ ಕಡೆ ಹಳದಿಗೆ ತಿರುಗಿದ ಗದ್ದೆ. ಅವಳು ಮೆಲ್ಲಗೆ, ಇದೆಲ್ಲ ಯಾರದೋ ಸರದಿ ತಾನೇ ಅಕ್ಕ ಎಂದಳು. ಕಚೇರಿಯಲ್ಲಿ ಕುಳಿತಾಗ ಗದ್ದೆ ನಮಗೆ ಒಂದು ಸಾಲು ಅಷ್ಟೆ. ನನಗೂ ಅದು ಹಾಗೆಯೇ ಇತ್ತು.

ಗೂಡಲೂರಿನಲ್ಲಿ ಗುಂಪಿನ ಶೆಡ್ಡಿನ ಮುಂದೆ ಯಂತ್ರ ನಿಂತಿತ್ತು. ಸುತ್ತ ರೈತರು ನಿಂತಿದ್ದರು. ಬೊಮ್ಮಯ್ಯ ಹಗ್ಗದ ಮಂಚದ ಮೇಲೆ ಕೂತಿದ್ದವರು ನಮಗೆ ಜಾಗ ಬಿಟ್ಟು, ಮೊದಲು ಮಜ್ಜಿಗೆ ತರಿಸಿದರು. ನಾವು ಕುಡಿದು ಲೋಟ ಇಟ್ಟೆವು. ಆಮೇಲೆ ತೊಡಕು ಎಲ್ಲಿದೆ ಎಂದು ಬಿಡಿಸಿ ಹೇಳಿದರು. ಸರದಿ ಬರೀ ನಾಟಿಯ ದಿನದ ಲೆಕ್ಕವಲ್ಲ. ದಾರಿಯ ಪಕ್ಕದ ಗದ್ದೆ ಕೊಯ್ಯದೆ ಒಳಗಿನ ಗದ್ದೆಗೆ ಯಂತ್ರ ಹೋಗಲಾರದು. ದಾರಿಯ ಪಕ್ಕದ್ದು ಕೆಂಚಯ್ಯನ ಗದ್ದೆ. ತಡವಾಗಿ ನೆಟ್ಟದ್ದು, ಇನ್ನೂ ನಾಲ್ಕೈದು ದಿನ ನಿಂತರೆ ಕಾಳು ತುಂಬುತ್ತದೆ. ಒಳಗಿನವರ ಬೆಳೆ ಆಗಲೇ ಬಲಿತು ಉದುರುವಂತಿದೆ. ಸಭೆಯಲ್ಲಿ ಒಳಗಿನವರೆಲ್ಲ ಕೇಳಿಕೊಂಡ ಮೇಲೆ, ಮೊದಲು ನನ್ನದನ್ನೇ ಕೊಯ್ಯಿರಿ ಎಂದು ಕೆಂಚಯ್ಯ ಒಪ್ಪಿದ್ದ. ಆ ಒಪ್ಪಿಗೆ ಈಗ ಎಲ್ಲೂ ಇಲ್ಲ. ಒಪ್ಪಿಲ್ಲ ಎಂದು ಅವನು ಹೇಳಿದರೆ ಯಾರೂ ಏನೂ ಮಾಡುವಂತಿಲ್ಲ.

ಕೆಂಚಯ್ಯ ಯಂತ್ರದ ಚಕ್ರಕ್ಕೆ ಒರಗಿ ನಿಂತಿದ್ದ. ತನಗೆ ಸಂಬಂಧವೇ ಇಲ್ಲವೆಂಬಂತೆ ಮೋಡ ನೋಡುತ್ತಿದ್ದ. ಯಾರೋ ಹಿಂದಿನಿಂದ, ಕಂಪ್ಯೂಟರೇ ಮರೆತ ಮೇಲೆ ಕೆಂಚಯ್ಯ ನೆನಪಿಟ್ಟುಕೊಂಡಾನಾ ಎಂದು ಚುಚ್ಚಿದರು. ಕೆಲವರು ನಕ್ಕರು. ಅವನು ನಗಲಿಲ್ಲ.

ಬೊಮ್ಮಯ್ಯ ನನ್ನ ಕಡೆ ತಿರುಗಿದರು. ‘ಇದ ಅಳ್ಸಿದ್ದು ಯಾರವ್ವ?’

ಇಂಥ ಪ್ರಶ್ನೆಗೆ ನಮ್ಮ ಕಚೇರಿಯಲ್ಲಿ ಒಂದು ಉತ್ತರವಿತ್ತು. ಸಿಸ್ಟಂನಲ್ಲಿ ತೊಂದರೆಯಾಯಿತು ಎನ್ನುವುದು. ಅದು ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. ಅಷ್ಟರಲ್ಲಿ ಜಯಂತಿ ಎದ್ದು ನಿಂತಳು. ತಮಿಳಿನಲ್ಲಿ ಶುರುಮಾಡಿ, ತಡೆದು, ಕನ್ನಡಕ್ಕೆ ಬಂದಳು.

‘ನಾನೇ ಮಾಮ. ಹೆಸರಿನ ಸಾಲಿನಲ್ಲಿ ನಡುವೆ ಒಂದು ಹೆಸರ ಕೂರಿಸ್ದೆ. ಅದರಿಂದ ನಿಮ್ಮದು ಓಯ್ತು. ನಾಟಿ ದಿನ ಎಲ್ಲ ತಂದಿವ್ನಿ. ಸರದಿ ಮಾತ್ರ ನೀವೇ ತಿರುಗ ಹೇಳ್ಬೇಕು.’

ಕೆಂಚಯ್ಯ ಚಕ್ರ ಬಿಟ್ಟು ಮುಂದೆ ಬಂದ. ಅವಳು ಯಾರ ಮನೆಯವಳು, ಉತ್ತಮಪಾಳ್ಯದಲ್ಲಿ ಯಾವ ಬೀದಿ ಎಂದೆಲ್ಲ ವಿಚಾರಿಸಿದ. ಅವಳು ಹೇಳಿದಳು. ಅವನು ತನ್ನ ಗದ್ದೆಯ ಕಡೆ ಒಮ್ಮೆ ನೋಡಿದ.

‘ನಾನೂ ಒಪ್ಪಿದ್ದೆ,’ ಎಂದ. ‘ಒಪ್ಪಿದ ದಿನದಿಂದ ಹೊಟ್ಟೆ ಉರೀತಾ ಅದೆ. ಇವತ್ತು ಅಳ್ಸೋಯ್ತು ಅಂದಾಗ ದೇವರೇ ಬಂದ ಅನ್ಕೊಂಡೆ. ಈ ಮಗು ನಾನೇ ಅಂದ್ಬುಟ್ಳಲ್ಲ. ಬರ್ಕೊ. ಮೊದಲು ಕೆಂಚಯ್ಯಂದು.’

ಒಳಗಿನ ಗದ್ದೆಯವರೊಬ್ಬರು ಅವನ ಭುಜದ ಮೇಲೆ ಕೈಯಿಟ್ಟರು. ಅವನು ಆ ಕೈ ತೆಗೆದುಹಾಕಿ, ಮುಂದಿನ ಬೆಳೆಯಲ್ಲಿ ನೀವು ಬಿಟ್ಟುಕೊಡಿ, ಆಗ ಮುಟ್ಟಿ ಎಂದ. ಆ ಮಾತಿಗೆ ಎಲ್ಲರೂ ನಕ್ಕರು. ಅವನೂ ಸ್ವಲ್ಪ ನಕ್ಕ. ಮೊದಲನೆಯ ಹೆಸರು ನಿಂತಮೇಲೆ ಉಳಿದವು ತಾವಾಗಿ ಬಂದವು. ಒಬ್ಬರು ಮರೆತದ್ದನ್ನು ಇನ್ನೊಬ್ಬರು ನೆನಪಿಸಿದರು. ಒಂದೆರಡು ಕಡೆ ಜಗಳವಾಯಿತು, ಬೊಮ್ಮಯ್ಯ ತೀರಿಸಿದರು. ಜಯಂತಿ ಮಂಚದ ತುದಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಬೆರಳು ಓಡಿಸುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ನೋಡಿದೆ. ಇನ್ನು ಮುಂದೆ ಹೊಸ ಹೆಸರು ಬಂದರೆ ಸಾಲಿನ ಕೊನೆಗೆ, ಪ್ರತಿ ಹೆಸರಿನ ಮುಂದೆ ಅದರ ಅಂಕಿ ಬರೆದಿರಬೇಕು, ಸಾಲು ಬಳಸುವ ಎಲ್ಲ ಪ್ರೋಗ್ರಾಂಗಳೂ ಒಟ್ಟಿಗೆ ಬದಲಾಗಬೇಕು, ತೆಗೆಯುವ ಮುನ್ನ ಇಟ್ಟವರಿಗೆ ಫೋನ್ ಮಾಡಬೇಕು ಎಂಬ ಕ್ರಮ ನಮ್ಮ ಕಚೇರಿಯಲ್ಲಿ ಆ ವಾರವೇ ಬಂತು. ನೀವು ಸೇರುವ ಕಚೇರಿಯಲ್ಲಿ ಅದು ಇಲ್ಲದಿದ್ದರೆ ನೀವೇ ತನ್ನಿ.

ಸಂಜೆಗೆ ಮೊದಲು ನಾನು ದುರೈರಾಜ್ ಸಾರಿಗೆ ಫೋನ್ ಮಾಡಿ, ಬೊಮ್ಮಯ್ಯನವರ ಕೈಗೆ ಕೊಟ್ಟೆ. ಗುಂಪು ಇನ್ನು ನಮ್ಮಲ್ಲಿ ಇರುತ್ತದೋ ಹೋಗುತ್ತದೋ ಎಂದು ಸಾರ್ ಕೇಳಿರಬೇಕು. ಜಯಂತಿಯ ಬೆರಳುಗಳು ನಿಂತವು. ಬೊಮ್ಮಯ್ಯ ಹಿಂದೆ ಬೇರೆ ಕಂಪೆನಿಯೊಂದು ತಮ್ಮ ಲೆಕ್ಕ ಕಳೆದ ಕಥೆ ತೆಗೆದರು. ಆ ಕಂಪೆನಿಯವರು ಸಿಸ್ಟಂ ಮಾಡಿತು, ಸಿಸ್ಟಂ ಮಾಡಿತು ಎಂದೇ ಹೇಳಿದರಂತೆ.

‘ಆ ಸಿಸ್ಟಂನ ನಾನು ಎಲ್ಲಿ ಓಗಿ ಹುಡುಕಿ ಬೈಯಲಿ ಸಾರ್?’ ಎಂದು ಬೊಮ್ಮಯ್ಯ ತಮಿಳಿನಲ್ಲಿ ಕೇಳಿದರು. ‘ಇಲ್ಲಿ ಬೈಯೋಕೆ ಒಂದು ಆಳು ಸಿಕ್ಕಿದೆ. ಈ ಹುಡುಗೀನ ಬೇರೆ ಎಲ್ಲೂ ಕಳಿಸ್ಬೇಡಿ. ಇವಳಿದ್ರೆ ನಾವಿರ್ತೀವಿ.’

ಫೋನ್ ನನಗೆ ತಿರುಗಿ ಬಂದಾಗ ದುರೈರಾಜ್ ಸಾರ್ ಉಸಿರು ಬಿಟ್ಟದ್ದು ಕೇಳಿಸಿತು. ಮೇಲಿನವರಿಗೆ ಬರೆಯುವುದನ್ನು ನನ್ನ ಹೆಸರಿನಲ್ಲೇ ಬರೆಯುತ್ತೇನೆ, ನಾನು ಒಪ್ಪಿದ ಕೋಡು ಎಂದೇ ಹೇಳುತ್ತೇನೆ ಎಂದರು. ಅವಳು ನಾಳೆ ಮಾಮೂಲು ಹೊತ್ತಿಗೆ ಕೆಲಸಕ್ಕೆ ಬರಲಿ ಎಂದರು.

ಆಮೇಲೆ ಬೊಮ್ಮಯ್ಯ ಮಂಚದಿಂದ ಎದ್ದು ನಿಂತು, ಹೇಳಿದಂತೆಯೇ ಜಯಂತಿಯನ್ನು ಚೆನ್ನಾಗಿ ಬೈದರು. ಓದಿದವಳೆಂದು, ಮಗುವಿನ ತಾಯಿಯೆಂದು ನೋಡಲಿಲ್ಲ. ಒಂದು ಊರಿನ ಅನ್ನದ ಜೊತೆ ಹೀಗೆ ಆಡುತ್ತಾರಾ ಎಂದು, ನಮ್ಮ ಭಾಷೆಯಲ್ಲಿ ಎಷ್ಟು ಬಗೆ ಇದೆಯೋ ಅಷ್ಟು ಬಗೆಯಲ್ಲಿ ಬೈದರು. ಅವಳು ಕಣ್ಣು ಒರೆಸಿಕೊಳ್ಳುತ್ತ, ಪೂರ್ತಿ ಮುಗಿಯುವವರೆಗೂ ನಿಂತು ಕೇಳಿದಳು. ಅಷ್ಟರಲ್ಲಿ ಯಂತ್ರ ಕೆಂಚಯ್ಯನ ಗದ್ದೆಯ ಬದು ದಾಟಿ ಒಳಗೆ ಇಳಿದಿತ್ತು. ಮುಂದೆ ಯಾರದು ಎಂದು ಡ್ರೈವರ್ ಅಲ್ಲಿಂದಲೇ ಕೂಗಿ ಕೇಳಿದ. ಬೊಮ್ಮಯ್ಯ ಅವಳ ಕಡೆ ಕೈ ತೋರಿಸಿದರು. ಜಯಂತಿ ಲ್ಯಾಪ್‌ಟಾಪ್ ಎತ್ತಿ ಹಿಡಿದು, ಮುಂದಿನ ಹೆಸರು ಓದಿದಳು.